ಅಶ್ವವೈದ್ಯನ ಪಾಠವೂ ಐದು ಅತಿಚಾರಗಳೂ

ಮೂರನೆಯ ತೀರ್ಥಂಕರರಾದ ಶ್ರೀ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಬಿಂಬದ ಪೀಠದಲ್ಲಿ ಕೆತ್ತಿದ ಆ ಪುಟ್ಟ ಪ್ರಾಣಿಯ ಮೇಲೆ ಅಭಿಷೇಕದ ನೀರು ಹರಿದಾಗ ಭಕ್ತರು ಕೈಮುಗಿಯುತ್ತಾರೆ. ಅದೇ ಉತ್ಸವದ ದಿನ ಬಸದಿಯ ಹೊರಗೆ, ಮೆರವಣಿಗೆಯ ಮುಂದೆ ಅಲಂಕಾರ ಹೊತ್ತು ನಿಂತ ಜೀವಂತ ಕುದುರೆಗೆ ನೀರು ಯಾರು ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು ಎಂದು ವಿಚಾರಿಸುವವರು ವಿರಳ. ಆ ಕುದುರೆಯನ್ನು ಯಾರೂ ದ್ವೇಷಿಸುವುದಿಲ್ಲ. ಅದಕ್ಕೆ ನೋವು ಕೊಡಬೇಕೆಂಬ ಸಂಕಲ್ಪ ಯಾರಿಗೂ ಇಲ್ಲ. ಆದರೂ ಅದು ಬಾಯಾರಿ ನಿಂತಿರುತ್ತದೆ. ಸಂಕಲ್ಪವಿಲ್ಲದೆಯೇ ನಡೆದುಹೋಗುವ ಇಂತಹ ಹಿಂಸೆಯನ್ನು ಕುರಿತು ಶ್ರಾವಕಾಚಾರವೂ ಅಶ್ವವೈದ್ಯದ ಚರಿತ್ರೆಯೂ ಏನು ಹೇಳುತ್ತವೆ ಎಂಬುದು ವಿಚಾರಾರ್ಹವಾದ ವಿಷಯ.

ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೆಸರಿಸುತ್ತದೆ. ಅವುಗಳ ಅರ್ಥವನ್ನು ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಬಿಡಿಸಿ ತಿಳಿಸಿದ್ದಾರೆ. ಬಂಧವೆಂದರೆ ಪ್ರಾಣಿ ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದು. ವಧವೆಂದರೆ ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದು. ಛೇದವೆಂದರೆ ಕಿವಿ, ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು. ಅತಿಭಾರಾರೋಪಣವೆಂದರೆ ನ್ಯಾಯವಾದ ಭಾರವನ್ನು ಮೀರಿ ಹೇರುವುದು. ಅನ್ನಪಾನನಿರೋಧವೆಂದರೆ ಹಸಿವು ಬಾಯಾರಿಕೆಗಳಿಂದ ಬಾಧಿಸುವುದು. ಇಲ್ಲಿ ವಧ ಎಂಬ ಮಾತಿಗೆ ಕೊಲ್ಲುವುದೆಂಬ ಅರ್ಥವಿಲ್ಲವೆಂದು ಆಚಾರ್ಯರು ಸ್ಪಷ್ಟಪಡಿಸುತ್ತಾರೆ. ವ್ರತ ಹಿಡಿದವನು ಕೊಲ್ಲುವುದನ್ನು ಮೊದಲೇ ತ್ಯಜಿಸಿರುತ್ತಾನೆ.

ಈ ವಿವರಣೆ ಬಹಳ ಮುಖ್ಯವಾದುದು. ಐದು ಅತಿಚಾರಗಳ ಪಟ್ಟಿ ಬೇಟೆಗಾರನಿಗಾಗಿ ರಚಿತವಾದುದಲ್ಲ. ಪ್ರಾಣಿಯನ್ನು ಮನೆಯಲ್ಲಿ ಸಾಕಿ, ಅದರಿಂದ ಕೆಲಸ ಪಡೆದು, ತಾನು ಅಹಿಂಸಕನೆಂದು ನೆಮ್ಮದಿಯಿಂದಿರುವ ಗೃಹಸ್ಥನಿಗಾಗಿ ಅದು ರಚಿತವಾಗಿದೆ. ಕುದುರೆಯ ವೈದ್ಯರು ಕಳೆದ ಎರಡೂವರೆ ಶತಮಾನಗಳಲ್ಲಿ ಅನುಭವದಿಂದ ಕಂಡುಕೊಂಡು ಒಡೆಯರಿಗೆ ಹೇಳುತ್ತ ಬಂದ ಮಾತುಗಳನ್ನು ಒಂದೆಡೆ ಸೇರಿಸಿದರೆ ಅವು ಈ ಐದು ಹೆಸರುಗಳ ಕೆಳಗೇ ಬಂದು ನಿಲ್ಲುತ್ತವೆ. ಕುದುರೆಯ ರೋಗಗಳಲ್ಲಿ ಬಹುಪಾಲು ಅದರ ಒಡೆಯನ ಅನುಕೂಲದಿಂದ ಹುಟ್ಟುತ್ತವೆ ಎಂಬುದೇ ಆ ವೈದ್ಯರ ಅನುಭವದ ಸಾರ.

ಮಾತಿಲ್ಲದ ರೋಗಿ

ಅಶ್ವವೈದ್ಯ ನಮ್ಮ ದೇಶಕ್ಕೆ ಹೊಸದಲ್ಲ. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನಿಂದ ಬಂದ ಅಶ್ವಶಾಸ್ತ್ರ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಉತ್ತರ ಭಾರತದಲ್ಲಿ ಕುದುರೆಯ ವೈದ್ಯನಿಗೆ ‘ಸಾಲೋತ್ರಿ’ ಎಂಬ ಹೆಸರೇ ಬಳಕೆಗೆ ಬಂದಿತು. ಕನ್ನಡದಲ್ಲಿ ಪಶುವೈದ್ಯ ಸಾಹಿತ್ಯವನ್ನು ಆರಂಭಿಸಿದವನು ಚಾಲುಕ್ಯ ರಾಜಕುಮಾರನೂ ಜೈನನೂ ಆದ ಕೀರ್ತಿವರ್ಮ. ಹನ್ನೆರಡನೆಯ ಶತಮಾನದ ಆದಿಭಾಗಕ್ಕೆ ಸೇರಿದ ಅವನ ‘ಗೋವೈದ್ಯ’ ಈ ವಿಷಯದಲ್ಲಿ ದೊರೆತಿರುವ ಅತ್ಯಂತ ಹಳೆಯ ಕನ್ನಡ ಕೃತಿ. 1400ರ ಸುಮಾರಿಗೆ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು. ರಾಜಪುತ್ರನೊಬ್ಬನು ದನಕರುಗಳ ಕಾಯಿಲೆಯನ್ನು ಕಾವ್ಯಭಾಷೆಗೆ ಯೋಗ್ಯವಾದ ವಿಷಯವೆಂದು ಭಾವಿಸಿದ್ದು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ.

ಆಧುನಿಕ ಪಶುವೈದ್ಯ ಶಿಕ್ಷಣ ಆರಂಭವಾದುದು ಫ್ರಾನ್ಸಿನ ಲಿಯಾನ್ ನಗರದಲ್ಲಿ, 1762ರಲ್ಲಿ. ಅದನ್ನು ಸ್ಥಾಪಿಸಿದ ಕ್ಲೋದ್ ಬೂರ್ಜೆಲಾ ಮೂಲತಃ ಅಶ್ವಾರೋಹಣ ವಿದ್ಯಾಶಾಲೆಯ ಮುಖ್ಯಸ್ಥ. 1791ರಲ್ಲಿ ಲಂಡನ್ನಿನಲ್ಲಿಯೂ ಇಂತಹ ಕಾಲೇಜು ತೆರೆಯಿತು. ಲಿಯಾನಿನಲ್ಲಿ ಕಲಿತ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಆಂಗ್ಲ ವೈದ್ಯನು 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಶ್ವಶಾಲೆಯ ಮೇಲ್ವಿಚಾರಕನಾಗಿ ಬಿಹಾರದ ಪೂಸಾಕ್ಕೆ ಬಂದನು. ಆ ಕಾಲದಲ್ಲಿ ಕುದುರೆ ಎಂದರೆ ರಾಜ್ಯಗಳ ಶಕ್ತಿ, ವ್ಯಾಪಾರದ ಚಕ್ರ, ಹೊಲದ ಬಲ. ಕುದುರೆಯ ವೈದ್ಯನ ಬೇಡಿಕೆ ಹುಟ್ಟಿದ್ದು ದಯೆಗಿಂತ ಹೆಚ್ಚಾಗಿ ಉಪಯೋಗದಿಂದ. ಆದರೆ ರೋಗಿಯ ಬಳಿಗೆ ಹೋದ ವೈದ್ಯನಿಗೆ ಕಾಣಿಸಿದ ಸತ್ಯ ಉಪಯೋಗದ ಲೆಕ್ಕವನ್ನು ಮೀರಿದ್ದಾಗಿತ್ತು.

ಕುದುರೆಯ ಶರೀರರಚನೆಯನ್ನು ಸ್ವಲ್ಪ ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಹುಲ್ಲುಗಾವಲಿನಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚು ಭಾಗವನ್ನು, ಸುಮಾರು ಹದಿನಾರು ಗಂಟೆಗಳನ್ನು, ಮೇಯುವುದರಲ್ಲಿಯೇ ಕಳೆಯುತ್ತದೆ. ನಾನೂರು ಐನೂರು ಕಿಲೋ ತೂಗುವ ಈ ಪ್ರಾಣಿಯ ಜಠರ ಹಿಡಿಯುವುದು 8ರಿಂದ 15 ಲೀಟರು ಮಾತ್ರ. ಸ್ವಲ್ಪ ಸ್ವಲ್ಪವಾಗಿ ಸದಾ ತಿನ್ನುತ್ತಿರುವುದಕ್ಕೆ ತಕ್ಕ ರಚನೆ ಅದು. ತಿಂದದ್ದು ಸರಿಹೋಗದಿದ್ದರೆ ಕುದುರೆ ವಾಂತಿ ಮಾಡಲಾರದು. ಆದುದರಿಂದ ದಿನಕ್ಕೆ ಎರಡು ಸಲ ಬೊಗಸೆಗಟ್ಟಲೆ ಹುರುಳಿ ಇಟ್ಟು, ಉಳಿದ ವೇಳೆ ಬರಿಯ ನೆಲದ ಮೇಲೆ ಕಟ್ಟಿದರೆ ಉದರಶೂಲೆ ಬರುತ್ತದೆ. ಉದರಶೂಲೆಯಿಂದ ಕುದುರೆ ಒಂದೇ ದಿನದಲ್ಲಿ ಸಾಯಬಹುದು.

ಇನ್ನೊಂದು ಸಂಗತಿ, ಕುದುರೆ ನೋವನ್ನು ಕೂಗಿ ಹೇಳುವುದಿಲ್ಲ. ಕಾಡಿನಲ್ಲಿ ಹಿಂಸ್ರಪಶುಗಳಿಗೆ ಆಹಾರವಾಗುವ ಜಾತಿಯಲ್ಲಿ ದುರ್ಬಲತೆಯನ್ನು ತೋರಿಸಿಕೊಂಡದ್ದು ಬದುಕಿ ಉಳಿಯಲಾರದು. ಆದುದರಿಂದ ಅದರ ನೋವನ್ನು ಓದುವ ವಿದ್ಯೆಯೇ ಬೇಕಾಗುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ದೇಹದ ಉಷ್ಣತೆ 37.5ರಿಂದ 38.5 ಸೆಂಟಿಗ್ರೇಡ್. ಸುಮ್ಮನೆ ನಿಂತ ಕುದುರೆಯ ನಾಡಿ ಅರವತ್ತನ್ನು ದಾಟಿದ್ದರೆ ಅದು ಮೌನವಾಗಿ ನರಳುತ್ತಿದೆ ಎಂದು ಅರ್ಥ. 2014ರಲ್ಲಿ ಯುರೋಪಿನ ವಿಜ್ಞಾನಿಗಳು ಕುದುರೆಯ ಮುಖವನ್ನೇ ನೋಡಿ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಹಿಂದಕ್ಕೆ ಸೆಟೆದ ಕಿವಿ, ಕಣ್ಣಿನ ಮೇಲ್ಭಾಗದ ಬಿಗಿತ, ಗಡುಸಾದ ದವಡೆ, ಬಿಗಿಹಿಡಿದ ಬಾಯಿ, ಅರಳಿದ ಹೊಳ್ಳೆ ಇವೇ ಅದರ ಅಕ್ಷರಗಳು. ಮಾತಿಲ್ಲದ ಜೀವಿಯ ನೋವನ್ನು ಅರಿಯಲು ಮನುಷ್ಯನಿಗೆ ಬೇಕಾದುದು ಹೆಚ್ಚಿನ ಪಾಂಡಿತ್ಯವಲ್ಲ, ನಿಂತು ನೋಡುವ ತಾಳ್ಮೆ.

ಬಂಧ

ನೇಮಿನಾಥ ಸ್ವಾಮಿಯ ವೈರಾಗ್ಯಕ್ಕೆ ನಿಮಿತ್ತವಾದುದು ಕೂಡಿಹಾಕಿದ ಮೂಕಪ್ರಾಣಿಗಳ ಮೊರೆ. ಲಾಯದಲ್ಲಿ ಕಟ್ಟಿದ ಕುದುರೆಯ ಮೊರೆ ಅಷ್ಟು ಸುಲಭವಾಗಿ ಕೇಳಿಸುವುದಿಲ್ಲ. ಅದು ಮರದ ಹಲಗೆಯನ್ನು ಕಚ್ಚಿ ಗಾಳಿ ನುಂಗುತ್ತದೆ. ನಿಂತಲ್ಲಿಯೇ ಗಂಟೆಗಟ್ಟಲೆ ತಲೆಯನ್ನು ಆ ಕಡೆ ಈ ಕಡೆ ಓಲಾಡಿಸುತ್ತದೆ. ಇವನ್ನು ಬಹುಕಾಲ ಕುದುರೆಯ ಕೆಟ್ಟ ಚಾಳಿಗಳೆಂದು ಕರೆದು, ಕುತ್ತಿಗೆಗೆ ಬಿಗಿಪಟ್ಟಿ ಹಾಕಿ ತಡೆಯುತ್ತಿದ್ದರು. ತಿರುಗಾಡುವ, ಮೇಯುವ, ಜೊತೆಯ ಕುದುರೆಗಳನ್ನು ಕಾಣುವ ಅವಕಾಶ ತಪ್ಪಿದಾಗ ಹುಟ್ಟುವ ಲಕ್ಷಣಗಳಿವು ಎಂದು ಇಂದಿನ ವೈದ್ಯರು ತಿಳಿದಿದ್ದಾರೆ. ತಪ್ಪು ಕಟ್ಟಿದವನದು, ಹೆಸರು ಕಟ್ಟಿಸಿಕೊಂಡದ್ದಕ್ಕೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಗಾಡಿಗಳ ಕುದುರೆಗಳು ಸದಾ ತಲೆಯೆತ್ತಿ ನಿಂತಿರಬೇಕೆಂಬುದು ಒಂದು ಶೋಕಿಯಾಗಿತ್ತು. ಅದಕ್ಕಾಗಿ ಬಾಯಿಯ ಕಡಿವಾಣದಿಂದ ಬೆನ್ನಿನ ಪಟ್ಟಿಗೆ ಬಿಗಿಯಾದ ಲಗಾಮೊಂದನ್ನು ಕಟ್ಟುತ್ತಿದ್ದರು. ಏರು ದಾರಿಯಲ್ಲಿ ಭಾರ ಎಳೆಯುವಾಗ ಕುದುರೆ ತಲೆ ತಗ್ಗಿಸಿ ಮೈಭಾರವನ್ನು ಮುಂದಕ್ಕೆ ಹಾಕಬೇಕು. ಈ ಲಗಾಮು ಅದನ್ನು ಅಸಾಧ್ಯಗೊಳಿಸಿತು. ಬಾಯಿ ಹುಣ್ಣಾಗುತ್ತಿತ್ತು, ಉಸಿರಾಟ ಕೆಡುತ್ತಿತ್ತು. ಇದನ್ನು ವಿರೋಧಿಸಿ ಎಡ್ವರ್ಡ್ ಫೋರ್ಡ್‌ಹ್ಯಾಮ್ ಫ್ಲವರ್ 1875ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. 1877ರಲ್ಲಿ ಅನ್ನಾ ಸೀವೆಲ್ ಅವರು ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿಯಲ್ಲಿ ಕುದುರೆಯ ಬಾಯಿಂದಲೇ ಅದರ ಕಥೆಯನ್ನು ಹೇಳಿಸಿದರು. ಆ ಶೋಕಿ ಕ್ರಮೇಣ ಮರೆಯಾಯಿತು.

ಕಾಲಿಗೆ ಹೊಡೆಯುವ ಲಾಳದಲ್ಲಿಯೂ ಒಂದು ಬಂಧವಿದೆ ಎಂದು ವಾದಿಸಿದವನು ಲಂಡನ್ನಿನ ಪಶುವೈದ್ಯ ಬ್ರೇಸಿ ಕ್ಲಾರ್ಕ್. ಕುದುರೆಯ ಗೊರಸು ಕಲ್ಲಿನಂತೆ ಜಡವಲ್ಲ, ನೆಲವನ್ನು ಮೆಟ್ಟಿದಾಗ ಸ್ವಲ್ಪ ಹಿಗ್ಗುವ ಜೀವಂತ ಅಂಗವೆಂದು ಅವನು 1809ರಿಂದ ಪ್ರಕಟಿಸಿದ ತನ್ನ ಪ್ರಯೋಗಗಳಲ್ಲಿ ತೋರಿಸಿದನು. ಎಳೆಯ ಕುದುರೆಯೊಂದರ ಗೊರಸಿನ ಅಚ್ಚನ್ನು ವರ್ಷಗಳ ಅಂತರದಲ್ಲಿ ತೆಗೆದು, ಕಬ್ಬಿಣ ಬಡಿದ ಮೇಲೆ ಅದು ಹೇಗೆ ಕುಗ್ಗುತ್ತ ಬಂದಿತೆಂಬುದನ್ನು ಲೋಕದ ಮುಂದಿಟ್ಟನು. ಕಲ್ಲುಹಾದಿಯಲ್ಲಿ ದುಡಿಯುವ ಕುದುರೆಗೆ ಲಾಳ ಬೇಕಾಗಬಹುದು. ಆದರೆ ಆರೆಂಟು ವಾರಗಳಿಗೊಮ್ಮೆ ಅದನ್ನು ಬಿಚ್ಚಿ, ಬೆಳೆದ ಗೊರಸನ್ನು ಕತ್ತರಿಸಿ ಸಮಮಾಡಿಸುವುದು ಒಡೆಯನ ಕರ್ತವ್ಯ.

ವಧ

ಸಾಕುಪ್ರಾಣಿಗಳನ್ನು ಹೊಡೆಯುವುದು ಶಿಕ್ಷಾರ್ಹವೆಂದು ಬ್ರಿಟಿಷ್ ಸಂಸತ್ತು ಒಪ್ಪಿದ್ದು 1822ರಲ್ಲಿ, ರಿಚರ್ಡ್ ಮಾರ್ಟಿನ್ ಎಂಬ ಸದಸ್ಯರು ತಂದ ಕಾಯಿದೆಯಿಂದ. ಕುದುರೆ, ಹೇಸರಗತ್ತೆ, ದನ, ಕುರಿಗಳಿಗೆ ಅದು ಅನ್ವಯವಾಗುತ್ತಿತ್ತು. ಕುದುರೆಯ ಚರ್ಮ ದಪ್ಪ, ಚಾವಟಿಯ ಏಟು ಅದಕ್ಕೆ ಅಷ್ಟಾಗಿ ತಾಗದು ಎಂಬ ನಂಬಿಕೆ ಮಾತ್ರ ಮುಂದೆಯೂ ಉಳಿಯಿತು. 2020ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕುದುರೆಯ ಮತ್ತು ಮನುಷ್ಯನ ಪೃಷ್ಠಭಾಗದ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಿದರು. ನೋವನ್ನು ಗ್ರಹಿಸುವ ನರತಂತುಗಳಲ್ಲಿಯೂ, ಅವು ಹರಡಿರುವ ಮೇಲ್ಪದರದ ದಪ್ಪದಲ್ಲಿಯೂ ಇಬ್ಬರಿಗೂ ಗಣನೀಯವಾದ ಅಂತರ ಕಾಣಲಿಲ್ಲ. ನಾರ್ವೆ ದೇಶ ಕುದುರೆಯ ಪಂದ್ಯಗಳಲ್ಲಿ ಓಟದ ವೇಗಕ್ಕಾಗಿ ಚಾವಟಿ ಬೀಸುವುದನ್ನು 1982ರಲ್ಲಿಯೇ ನಿಷೇಧಿಸಿತ್ತು.

ವೈದ್ಯನಿಗೆ ಇನ್ನೂ ಒಂದು ಕಾರಣವುಂಟು. ನಡೆಯಲೊಲ್ಲದ ಕುದುರೆ ಹಟ ಮಾಡುತ್ತಿದೆ ಎಂದು ಒಡೆಯ ತಿಳಿಯುತ್ತಾನೆ. ವೈದ್ಯನು ಪರೀಕ್ಷಿಸಿದಾಗ ಜೀನಿನ ಕೆಳಗೆ ಹುಣ್ಣು, ಗೊರಸಿನಲ್ಲಿ ಕೀವು, ಕೆನ್ನೆಯನ್ನು ಕೊರೆಯುವ ಚೂಪಾದ ದವಡೆಹಲ್ಲು ಕಂಡುಬರುತ್ತದೆ. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರು ಮೇಲೇರುತ್ತಲೇ ಇರುತ್ತದೆ. ಅದರ ಅಂಚನ್ನು ಕಾಲಕಾಲಕ್ಕೆ ಅರದಿಂದ ಉಜ್ಜಿಸಬೇಕು. ರೋಗದ ಲಕ್ಷಣವನ್ನು ಅವಿಧೇಯತೆ ಎಂದು ತಿಳಿದು ಹೊಡೆಯುವುದು ಹಿಂಸೆಯ ಮೇಲೆ ಹಿಂಸೆ.

ಛೇದ

ಕುದುರೆಯ ಬಾಲವನ್ನು ಮೂಳೆಸಹಿತ ಮೊಟಕಾಗಿ ಕತ್ತರಿಸುವ ರೂಢಿ ಇಂಗ್ಲೆಂಡಿನಲ್ಲಿ ಬಹುಕಾಲವಿತ್ತು. ಲಗಾಮು ಬಾಲಕ್ಕೆ ಸಿಕ್ಕಿಕೊಳ್ಳಬಾರದೆಂಬುದು ಹೇಳುತ್ತಿದ್ದ ಕಾರಣ. ಅಂದವಾಗಿ ಕಾಣಬೇಕೆಂಬುದು ಹೇಳದ ಕಾರಣ. ನೊಣವನ್ನು ಓಡಿಸಲು ಕುದುರೆಗೆ ಬೇರೆ ಕೈಯಿಲ್ಲ. 1949ರ ಕಾಯಿದೆಯೊಂದರಿಂದ ಬ್ರಿಟನ್ನು ಇದನ್ನು ನಿಷೇಧಿಸಿತು. ಲೋಕದಲ್ಲಿ ಎರಡು ಮಹಾಯುದ್ಧಗಳು ಮುಗಿದು, ರಸ್ತೆಯಲ್ಲಿ ಮೋಟಾರು ಬಂದು, ಗಾಡಿಕುದುರೆಯ ಕಾಲವೇ ಮುಗಿಯುತ್ತ ಬಂದಾಗ ಈ ನಿಷೇಧ ಬಂದಿತೆಂಬುದು ಗಮನಾರ್ಹ. ಮನುಷ್ಯನು ತನಗೆ ಬೇಡವಾದ ಮೇಲೆ ತ್ಯಾಗ ಮಾಡುವುದು ಸುಲಭ.

ಛೇದದ ವಿಷಯದಲ್ಲಿ ವೈದ್ಯರೂ ನಿರ್ದೋಷಿಗಳಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕುಂಟುವ ಕುದುರೆಯ ಪಾದದ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಬಳಕೆಗೆ ಬಂದಿತು. ನೋವು ತಿಳಿಯದಂತಾದ ಕುದುರೆ ಮತ್ತೆ ನೆಟ್ಟಗೆ ನಡೆಯುತ್ತಿತ್ತು. ಆದರೆ ಒಳಗಿನ ರೋಗ ಹಾಗೆಯೇ ಇತ್ತು, ನೋವೆಂಬ ಕಾವಲುಗಾರ ಮಾತ್ರ ಇರಲಿಲ್ಲ. ನೊಂದ ಪ್ರಾಣಿಗೆ ಬಿಡುವು ಕೊಡುವುದಕ್ಕಾಗಿ ಚಿಕಿತ್ಸೆ ಮಾಡುವುದು ಒಂದು; ಬಿಡುವು ಕೊಡದೆ ದುಡಿಸುವುದಕ್ಕಾಗಿ ಚಿಕಿತ್ಸೆ ಮಾಡುವುದು ಇನ್ನೊಂದು. ಶಸ್ತ್ರವೂ ಔಷಧವೂ ಎರಡಕ್ಕೂ ಒಂದೇ. ಭಾವದಲ್ಲಿ ಮಾತ್ರ ಅಂತರ.

ಅತಿಭಾರ ಮತ್ತು ಅನ್ನಪಾನನಿರೋಧ

ಕೊನೆಯ ಎರಡು ಅತಿಚಾರಗಳನ್ನು ಚರಿತ್ರೆ ಒಟ್ಟಿಗೆ ತೋರಿಸಿದ್ದು ದಕ್ಷಿಣ ಆಫ್ರಿಕದ ಯುದ್ಧದಲ್ಲಿ. 1899ರಿಂದ 1902ರವರೆಗೆ ಬೋಯರರ ವಿರುದ್ಧ ನಡೆದ ಆ ಯುದ್ಧಕ್ಕೆ ಬ್ರಿಟಿಷರು ಸುಮಾರು 5,18,000 ಕುದುರೆಗಳನ್ನು ಒದಗಿಸಿದರು. ಅವುಗಳಲ್ಲಿ ಸುಮಾರು 3,26,000 ಸತ್ತವು. ಶತ್ರುವಿನ ಗುಂಡಿಗೆ ಬಲಿಯಾದವು ಕಡಿಮೆ. ವಾರಗಟ್ಟಲೆ ಹಡಗಿನಲ್ಲಿ ನಿಂತು ಬಂದ ಕುದುರೆಗಳನ್ನು ವಿಶ್ರಾಂತಿಯಿಲ್ಲದೆ ರೈಲಿಗೆ ಹತ್ತಿಸಿ ರಣರಂಗಕ್ಕೆ ಕಳುಹಿಸಿದರು. ಸವಾರನ ಜೊತೆಗೆ ಅವನ ಸಾಮಾನನ್ನೆಲ್ಲ ಬೆನ್ನಿನ ಮೇಲೆ ಹೇರಿದರು. ಮೇವು ಸಾಲದೆ, ನೀರು ಸಿಕ್ಕದೆ, ದಣಿವಿನಿಂದ ಅವು ಬಿದ್ದವು. 1900ರ ಫೆಬ್ರವರಿಯಲ್ಲಿ ಕಿಂಬರ್ಲಿ ಪಟ್ಟಣದ ಮುತ್ತಿಗೆಯನ್ನು ತೆರವು ಮಾಡಲು ಜನರಲ್ ಫ್ರೆಂಚ್ ನಡೆಸಿದ ಧಾವಂತದ ಸವಾರಿ ಪತ್ರಿಕೆಗಳಲ್ಲಿ ಮಹಾವಿಜಯವಾಗಿ ಮೆರೆಯಿತು. ಆ ಬಿಸಿಲಿನಲ್ಲಿ ಓಡಿದ ಕುದುರೆಗಳ ಬಹುದೊಡ್ಡ ಪಾಲು ಮತ್ತೆ ಕೆಲಸಕ್ಕೆ ಬರಲಿಲ್ಲ.

ಈ ದುರಂತಕ್ಕೆ ಮೂಲಕಾರಣಗಳಲ್ಲಿ ಒಂದು, ಸೈನ್ಯದಲ್ಲಿ ಪಶುವೈದ್ಯ ವ್ಯವಸ್ಥೆಯನ್ನು ಕಡೆಗಣಿಸಿದ್ದು. ರೋಗಿ ಕುದುರೆಗಳಿಗೆ ಸರಿಯಾದ ಆಸ್ಪತ್ರೆಗಳಿರಲಿಲ್ಲ. ಅವನ್ನು ಆರೋಗ್ಯವಂತ ಕುದುರೆಗಳ ಜೊತೆಗೇ ನಿಲ್ಲಿಸಿದ್ದರಿಂದ ಗ್ಲ್ಯಾಂಡರ್ಸ್ ಮತ್ತು ಕಜ್ಜಿ ರೋಗಗಳು ಹರಡಿದವು. ಅಲ್ಲಿ ಸೇವೆ ಸಲ್ಲಿಸಿದ ಪಶುವೈದ್ಯ ಫ್ರೆಡರಿಕ್ ಸ್ಮಿತ್ ಈ ಯುದ್ಧದ ಪಶುವೈದ್ಯಕೀಯ ಚರಿತ್ರೆಯನ್ನೇ ಬರೆದು, ಯಾವ ಮುಚ್ಚುಮರೆಯೂ ಇಲ್ಲದೆ ತಮ್ಮ ಸೈನ್ಯದ ತಪ್ಪುಗಳನ್ನು ದಾಖಲಿಸಿದರು. ಆ ಚರಿತ್ರೆ ಒಂದು ಬಗೆಯ ಪ್ರತಿಕ್ರಮಣವೆನ್ನಬಹುದು. ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್ ನಗರದಲ್ಲಿ 1905ರಲ್ಲಿ ಈ ಕುದುರೆಗಳಿಗಾಗಿ ಸ್ಮಾರಕವೊಂದನ್ನು ನಿಲ್ಲಿಸಿದರು. ಅದರಲ್ಲಿ ಖಡ್ಗವಿಲ್ಲ, ಜಯಘೋಷವಿಲ್ಲ. ಸೈನಿಕನೊಬ್ಬನು ಕುದುರೆಯ ಮುಂದೆ ಮಂಡಿಯೂರಿ ಬಕೆಟ್ಟಿನಲ್ಲಿ ನೀರು ಹಿಡಿದಿದ್ದಾನೆ. ಯುದ್ಧದಲ್ಲಿ ಸಲ್ಲದ ಸೇವೆ ಕಂಚಿನಲ್ಲಿ ಸಂದಿತು.

ಆ ಪಾಠ ವ್ಯರ್ಥವಾಗಲಿಲ್ಲ. 1903ರಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಪಶುವೈದ್ಯ ದಳ ರೂಪುಗೊಂಡಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಸೈನ್ಯದ ಹಿಂದೆಯೇ ಸಂಚಾರಿ ಪಶುವೈದ್ಯ ತಂಡಗಳೂ ಕುದುರೆಗಳ ಆಸ್ಪತ್ರೆಗಳೂ ನಡೆದವು. ಯುದ್ಧದ ಅವಧಿಯಲ್ಲಿ ಅವುಗಳಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಸಲ ಪ್ರಾಣಿಗಳು ದಾಖಲಾದವು. ಅವುಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಗುಣಹೊಂದಿ ಹೊರಬಂದವು. ಗುಣವಾದ ಕುದುರೆಯನ್ನು ಮತ್ತೆ ಗುಂಡಿನ ಬಾಯಿಗೇ ಕಳುಹಿಸಿದರೆಂಬುದನ್ನು ಮರೆಯುವಂತಿಲ್ಲ. ಸುಮಾರು 4,84,000 ಕುದುರೆಗಳು ಬ್ರಿಟಿಷ್ ಪಕ್ಷದಲ್ಲಿಯೇ ಸತ್ತವು. ಆದರೂ ನೀರು, ಮೇವು, ವಿಶ್ರಾಂತಿ, ರೋಗಿಯನ್ನು ಬೇರ್ಪಡಿಸುವುದು ಎಂಬ ಸಾಮಾನ್ಯ ಕ್ರಮಗಳೇ ಎಷ್ಟು ಜೀವಗಳನ್ನು ಉಳಿಸಬಲ್ಲವೆಂಬುದು ಸಿದ್ಧವಾಯಿತು.

ಕೈರೋದ ಪ್ರಶ್ನೆ

ಪ್ಯಾಲೆಸ್ಟೈನಿನ ಮರುಭೂಮಿಯ ರಣರಂಗದಲ್ಲಿ ನೀರೇ ಎಲ್ಲವನ್ನೂ ನಿರ್ಣಯಿಸುತ್ತಿತ್ತು. 1917ರ ಅಕ್ಟೋಬರ್ 31ರಂದು ಬೀರ್ಷೆಬಾದ ಬಾವಿಗಳನ್ನು ತಲುಪುವ ಮೊದಲು ಹಲವು ಕುದುರೆಗಳು ಒಂದು ದಿನಕ್ಕೂ ಮಿಕ್ಕಿ ನೀರನ್ನು ಕಂಡಿರಲಿಲ್ಲ. ಕನ್ನಡ ನಾಡಿನ ಕುದುರೆಸವಾರರೂ ಆ ರಣರಂಗದಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ಶೌರ್ಯ ಇಂದಿಗೂ ಸ್ಮರಣೆಯಲ್ಲಿದೆ.

ಯುದ್ಧ ಮುಗಿದಾಗ ಬ್ರಿಟಿಷ್ ಸೈನ್ಯ ತನ್ನ ಸುಮಾರು 20,000 ಕುದುರೆಗಳನ್ನು ಈಜಿಪ್ಟಿನಲ್ಲಿಯೇ ಮಾರಿತು. ಹಿಂದಕ್ಕೆ ಸಾಗಿಸುವ ವೆಚ್ಚಕ್ಕಿಂತ ಮಾರುವುದು ಅಗ್ಗವಾಗಿತ್ತು. 1930ರಲ್ಲಿ ಸೇನಾಧಿಕಾರಿಯೊಬ್ಬರ ಪತ್ನಿ ಡೊರೊಥಿ ಬ್ರೂಕ್ ಕೈರೋಗೆ ಬಂದಾಗ ಆ ಕುದುರೆಗಳಲ್ಲಿ ಬದುಕಿ ಉಳಿದವು ಬೀದಿಗಳಲ್ಲಿ, ಕಲ್ಲುಗಣಿಗಳಲ್ಲಿ ಭಾರ ಎಳೆಯುತ್ತಿದ್ದವು. ಮುದಿಯಾಗಿ, ಕುರುಡಾಗಿ, ಕುಂಟಾಗಿ, ಎಲುಬು ಕಾಣುತ್ತಿದ್ದ ಅವುಗಳ ಮೈಮೇಲೆ ಸೈನ್ಯದ ಮುದ್ರೆ ಇನ್ನೂ ಅಳಿಸಿರಲಿಲ್ಲ. 1931ರಲ್ಲಿ ಅವರು ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಒಂದು ಪತ್ರ ಬರೆದರು. ಜನ ಧಾರಾಳವಾಗಿ ಹಣ ಕಳುಹಿಸಿದರು. ಮೂರು ವರ್ಷಗಳಲ್ಲಿ ಅವರು ಸುಮಾರು 5,000 ಕುದುರೆಗಳನ್ನು ಕೊಂಡರು. ಬಡ ಗಾಡಿಯವರನ್ನು ಅವರು ಬೈಯಲಿಲ್ಲ. ಕುದುರೆಯ ಬೆಲೆಯನ್ನು ಕೊಟ್ಟೇ ಪಡೆದರು.

ಅವುಗಳಲ್ಲಿ ಹೆಚ್ಚಿನವು ಗುಣವಾಗುವ ಸ್ಥಿತಿಯನ್ನು ದಾಟಿದ್ದವು. ಕೆಲವು ದಿನ ಮೇವು, ನೀರು, ಹುಲ್ಲಿನ ಹಾಸು, ನೆರಳು ಕೊಟ್ಟು, ಬಳಿಕ ಅವುಗಳ ಪ್ರಾಣವನ್ನು ನೋವಿಲ್ಲದಂತೆ ತೆಗೆಸಿದರು. ಇಲ್ಲಿ ಜೈನ ಓದುಗನ ಮನಸ್ಸು ತಡೆದು ನಿಲ್ಲುತ್ತದೆ. ಬಹಳ ದುಃಖದಲ್ಲಿರುವ ಜೀವಿಯನ್ನು ಕೊಂದರೆ ದುಃಖದಿಂದ ಬಿಡಿಸಿದಂತೆ ಎಂಬ ಭಾವನೆಯನ್ನು ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹೆಸರಿಸಿಯೇ ನಿರಾಕರಿಸಿದ್ದಾರೆ. ಪರಜೀವಿಯ ಆಯುಸ್ಸನ್ನು ನಿರ್ಣಯಿಸುವ ಅಧಿಕಾರ ದಯೆಗೂ ಇಲ್ಲವೆಂಬುದು ಆ ನಿಲುವು. ಪಶುವೈದ್ಯಶಾಸ್ತ್ರವು ಉಪಶಮನದ ದಾರಿಯೇ ಉಳಿಯದಾಗ ಆ ಕೊನೆಯ ಉಪಾಯವನ್ನು ತನ್ನ ಕರ್ತವ್ಯಗಳಲ್ಲಿ ಒಂದೆಂದು ಎಣಿಸುತ್ತದೆ. ಎರಡು ದೃಷ್ಟಿಗಳ ನಡುವಣ ಈ ಅಂತರವನ್ನು ಮಾತಿನಿಂದ ಮುಚ್ಚುವುದು ಪ್ರಾಮಾಣಿಕತೆಯಲ್ಲ.

ಆದರೆ ಆ ಮಹಿಳೆಯನ್ನು ದೂರುವುದಕ್ಕೂ ಮೊದಲು ಒಂದು ಪ್ರಶ್ನೆಯನ್ನು ಕೇಳಬೇಕು. ಆ ಲಾಯದಲ್ಲಿ ಎರಡೇ ದಾರಿಗಳು ಉಳಿಯುವಂತೆ ಮಾಡಿದವರು ಯಾರು? ಹದಿಮೂರು ವರ್ಷ ಮುಂಚೆ ಕುದುರೆಗಳನ್ನು ಮಾರಿದ ಲೆಕ್ಕದ ಪುಸ್ತಕದಲ್ಲಿ ಯಾವ ಕ್ರೌರ್ಯವೂ ಬರೆದಿರಲಿಲ್ಲ. ಉಳಿತಾಯ ಮಾತ್ರ ಬರೆದಿತ್ತು. ಕೊಲ್ಲುವುದನ್ನು ಒಪ್ಪದ ಧರ್ಮಕ್ಕೆ ಅಲ್ಲಿಯವರೆಗೆ ತಲುಪದಂತೆ ನೋಡಿಕೊಳ್ಳುವ ಹೊಣೆ ಇತರರಿಗಿಂತ ಹೆಚ್ಚು. ಮುದಿ ಪ್ರಾಣಿಯ ಪ್ರಾಣ ತೆಗೆಯಬಾರದೆಂದು ಹೇಳಿ, ಅದರ ಹುಣ್ಣಿಗೆ ಔಷಧ, ನೋವಿಗೆ ಉಪಶಮನ, ಹೊಟ್ಟೆಗೆ ಮೆತ್ತನೆಯ ಮೇವು ಒದಗಿಸದಿದ್ದರೆ, ಅದು ಹಿಂಸೆಯನ್ನು ನಿಲ್ಲಿಸಿದಂತಲ್ಲ, ದೀರ್ಘಗೊಳಿಸಿದಂತೆ. ಪಿಂಜರಾಪೋಲ್ ನಡೆಸುವವರು ಇದನ್ನು ಚೆನ್ನಾಗಿ ಬಲ್ಲರು. ಡೊರೊಥಿ ಬ್ರೂಕ್ ಅವರೂ ಕೊಳ್ಳುವುದರಲ್ಲಿಯೇ ನಿಲ್ಲಲಿಲ್ಲ. 1934ರಲ್ಲಿ ಕೈರೋದಲ್ಲಿ ದುಡಿಯುವ ಕುದುರೆ ಕತ್ತೆಗಳಿಗೆ ಉಚಿತ ಆಸ್ಪತ್ರೆಯನ್ನು ತೆರೆದರು. ಕೊನೆಯ ದಿನದ ದಯೆಗಿಂತ ಮೊದಲ ದಿನದ ಆರೈಕೆ ಮೇಲೆಂಬುದನ್ನು ಅವರ ಅನುಭವವೇ ಕಲಿಸಿತು.

ಉತ್ಸವದ ಕುದುರೆ

ಭಾರತದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಗೆ ದಾರಿ ಮಾಡಿದವರಲ್ಲಿ ರಾಜ್ಯಸಭೆಯ ಸದಸ್ಯೆ ರುಕ್ಮಿಣೀದೇವಿ ಅರುಂಡೇಲ್ ಪ್ರಮುಖರು. ಅದರ ಹನ್ನೊಂದನೆಯ ಕಲಮು ಅಪರಾಧಗಳೆಂದು ಎಣಿಸುವವುಗಳಲ್ಲಿ ಹೊಡೆಯುವುದು, ಮಿತಿಮೀರಿ ಹೇರುವುದು, ಗಿಡ್ಡ ಹಗ್ಗದಿಂದ ಬಹುಹೊತ್ತು ಕಟ್ಟುವುದು, ಅಂಗಚ್ಛೇದ, ಅನ್ನ ನೀರು ಕೊಡದಿರುವುದು ಸೇರಿವೆ. ಸೂತ್ರಕಾರರ ಐದೂ ಅತಿಚಾರಗಳು ಇಲ್ಲಿ ರಾಜಶಾಸನವಾಗಿವೆ. ಜೊತೆಗೆ ಅದು ಇನ್ನೊಂದನ್ನು ಸೇರಿಸುತ್ತದೆ: ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು. ಕೈರೋದಲ್ಲಿ ನಡೆದದ್ದು ಅದೇ. 1965ರ ನಿಯಮಗಳು ಭಾರ ಹೊರುವ ತಟ್ಟುಗೆ 70 ಕಿಲೋ ಎಂಬ ಮಿತಿಯನ್ನು ಹಾಕಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಸೆಂಟಿಗ್ರೇಡ್ ಮೀರಿದ ಪ್ರದೇಶದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸಲೇಬಾರದು. ಮುಳ್ಳಿನ ಕಡಿವಾಣ ನಿಷಿದ್ಧ.

ಉತ್ಸವಕ್ಕಾಗಿ ಕುದುರೆಯನ್ನು ಬಾಡಿಗೆಗೆ ತರುವ ಬಸದಿಯ ಟ್ರಸ್ಟುಗಳಿಗೆ ಅಶ್ವವೈದ್ಯರ ಸಲಹೆ ಕಷ್ಟವಾದುದೇನಲ್ಲ. ಕುದುರೆಯನ್ನು ಕರೆತಂದ ಕೂಡಲೇ ಅಲಂಕಾರ ತೊಡಿಸುವ ಮೊದಲು ಬೆನ್ನು, ಬಾಯಿ, ನಾಲ್ಕು ಗೊರಸುಗಳನ್ನು ನೋಡಬೇಕು. ಹುಣ್ಣಿದ್ದರೆ, ಕುಂಟುತ್ತಿದ್ದರೆ, ಮೂಗಿನಿಂದ ಸಿಂಬಳ ಸುರಿಯುತ್ತಿದ್ದರೆ ಅದಕ್ಕೆ ಆ ದಿನ ಬಿಡುವು ಕೊಟ್ಟು, ವೈದ್ಯರನ್ನು ಕರೆಸಬೇಕು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದು. ದಿನಕ್ಕೆ ಅದಕ್ಕೆ 25ರಿಂದ 50 ಲೀಟರು ನೀರು ಬೇಕು. ಮೆರವಣಿಗೆಯ ದಾರಿಯಲ್ಲಿಯೇ ಎರಡು ಮೂರು ಕಡೆ ನೀರಿನ ವ್ಯವಸ್ಥೆ ಮಾಡಬಹುದು. ನಾನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ ಆರು ಕಿಲೋ ಒಣಹುಲ್ಲು ಬೇಕು. ಧನುರ್ವಾಯು ಕುದುರೆಗೆ ಬಹುಬೇಗ ತಗಲುವ ರೋಗವಾದುದರಿಂದ ಅದರ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಬೇಕು. ಪಟಾಕಿಯ ಸದ್ದಿನಿಂದ ಅದನ್ನು ದೂರವಿಡಬೇಕು. ಕುದುರೆಯವನಿಗೆ ನ್ಯಾಯವಾದ ಬಾಡಿಗೆಯನ್ನು ತಡಮಾಡದೆ ಕೊಡಬೇಕು. ಅವನ ಹೊಟ್ಟೆ ತುಂಬದೆ ಕುದುರೆಯ ಹೊಟ್ಟೆ ತುಂಬುವುದಿಲ್ಲ. ಇಷ್ಟನ್ನು ನಡೆಸಲಾಗದ ಕಡೆ ಕುದುರೆಯಿಲ್ಲದೆಯೇ ಮೆರವಣಿಗೆ ನಡೆಯಬಹುದು. ಅದರಿಂದ ಉತ್ಸವಕ್ಕೆ ಯಾವ ಕೊರತೆಯೂ ಬಾರದು.

ಅತಿಚಾರವೆಂಬುದು ವ್ರತವನ್ನು ಮುರಿದದ್ದಲ್ಲ, ವ್ರತಕ್ಕೆ ಬಂದ ಮಲಿನತೆ ಎಂದು ಹಿರಿಯರು ಹೇಳುತ್ತಾರೆ. ಮಲಿನತೆಯನ್ನು ತೊಳೆಯಬಹುದು; ಆದರೆ ಮೊದಲು ಅದು ಕಣ್ಣಿಗೆ ಬೀಳಬೇಕು. ಅಶ್ವವೈದ್ಯನು ಶತಮಾನಗಳಿಂದ ಮಾಡುತ್ತ ಬಂದ ದೊಡ್ಡ ಉಪಕಾರವೂ ಅದೇ. ಮಾತಿಲ್ಲದ ಜೀವಿಯ ಮೈಮೇಲೆ ಕೈಯಿಟ್ಟು, ಒಡೆಯನಿಗೆ ಅವನದೇ ತಪ್ಪನ್ನು ಅವನು ತೋರಿಸಿಕೊಡುತ್ತಾನೆ. ಮುಂದಿನ ಉತ್ಸವದಲ್ಲಿ ಸಂಭವನಾಥ ಸ್ವಾಮಿಯ ಪೀಠದ ಕುದುರೆಗೆ ನೀರೆರೆದು ಹೊರಬಂದವರಲ್ಲಿ ಒಬ್ಬರಾದರೂ ಬಾಗಿಲಲ್ಲಿ ನಿಂತ ಕುದುರೆಯ ಮುಂದೆ ಒಂದು ಬಕೆಟ್ಟು ನೀರನ್ನು ಇಟ್ಟರೆ, ಆ ಅಭಿಷೇಕ ಪೂರ್ಣವಾದಂತೆ.